ನಡುಮಟ್ಟದ ನೀರು

"ಗಲ್ಲ ಹಿಡೀರಿ ಚಿಗವ್ವ, ಇಲ್ಲಾಂದ್ರ ಕುತ್ತಿಗಿ ವಾಲ್ತದ," ಎನ್ನುತ್ತ ಶೈಲಶ್ರೀ ಬಿಳಿ ಅರಿವೆಯ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿಯುತ್ತಿದ್ದಳು.

ಕುಲಸುಮಬಿ ಎರಡೂ ಅಂಗೈಯಲ್ಲಿ ಸುಭದ್ರಾಬಾಯಿಯ ಗಲ್ಲವನ್ನು ಎತ್ತಿ ಹಿಡಿದಿದ್ದಳು. ಈಗಷ್ಟೇ ಜಳಕ ಮಾಡಿಸಿದ ಮೈ. ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿದ್ದು ಬೆರಳಿಗೆ ಅಂಟುತ್ತಿತ್ತು. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿಸಿ, ಎಡಗೈಯಲ್ಲಿ ಲಿಂಗವಿಟ್ಟು ಕೂಡಿಸಿದ ಮೇಲೆ ಸುಭದ್ರಾಬಾಯಿ ಸತ್ತವಳಂತೆ ಕಾಣಲಿಲ್ಲ. ಬೀಗರು ತಡಮಾಡಿ ಬಂದರೆಂದು ಮುನಿಸಿಕೊಂಡು ಕುಳಿತ ಹಿರಿಯಳ ಹಾಗೆ ಕಂಡಳು.

"ಮುಖಾ ನೋಡ್ರೆವ್ವ ಹೆಂಗ ಮಾಡ್ಯಾಳ," ಎಂದಳು ಕಂಬದ ಬುಡದಲ್ಲಿ ಕುಳಿತ ಹಣಮವ್ವ. "ಚಾದಾಗ ಸಕ್ರಿ ಕಮ್ಮಿ ಬಿದ್ರ ಹಿಂಗೇ ಮಾಡ್ತಿದ್ಳು."

ಅಳುತ್ತಿದ್ದ ಹೆಂಗಸರೊಳಗೆ ಒಬ್ಬಿಬ್ಬರು ನಕ್ಕುಬಿಟ್ಟರು. ನಕ್ಕವರೇ ಸೆರಗು ಬಾಯಿಗಿಟ್ಟುಕೊಂಡು ಮತ್ತಷ್ಟು ಜೋರಾಗಿ ಅತ್ತರು. ಕುಲಸುಮಬಿ ನಗಲಿಲ್ಲ, ಅಳಲೂ ಇಲ್ಲ. ಅವಳು ಈ ಮನೆಯವಳಲ್ಲ, ಈ ಜಾತಿಯವಳೂ ಅಲ್ಲ. ಆದರೆ ಕೆರೆಯ ಅಂಗಳದಲ್ಲಿ ಇಬ್ಬರ ತುಂಡು ಹೊಲಗಳೂ ಒಂದರ ಪಕ್ಕ ಒಂದಿದ್ದವು. ಸುಭದ್ರಾಬಾಯಿಯ ಮಗ ಸಿದ್ದಲಿಂಗ ಮಾತು ಕಲಿತಂದಿನಿಂದ ಅವಳನ್ನು ಚಿಗವ್ವ ಎಂದೇ ಕರೆದವನು. ಅವನ ಹೆಂಡತಿ ಶೈಲಶ್ರೀಗೂ ಅದೇ ರೂಢಿ. ಹೀಗಾಗಿ ಗಲ್ಲ ಹಿಡಿಯುವುದಕ್ಕೆ ಅವಳನ್ನು ಬಿಟ್ಟು ಬೇರೆ ಯಾರನ್ನೂ ಯಾರೂ ಕರೆಯಲಿಲ್ಲ.

ಹೊರಗೆ ಭಜನೆಯವರ ತಾಳ ನಿಂತಿತು. ಬೀರಲಿಂಗಪ್ಪ ಬಾಗಿಲಲ್ಲಿ ಬಂದು ನಿಂತ. ಊರಲ್ಲಿ ಯಾರು ಹೋದರೂ ಕುಣಿ ತೋಡಿಸುವವನು ಅವನೇ. ಮೊಣಕಾಲಿನವರೆಗೆ ಕರಿ ಕೆಸರು, ಕೈಯಲ್ಲಿ ಸಲಿಕೆ.

"ಸಿದ್ದಲಿಂಗಪ್ಪಾ, ಕುಣ್ಯಾಗ ನೀರು ಬಂತು."

ಸಿದ್ದಲಿಂಗ ಎದ್ದು ಬಂದ. ರಾತ್ರಿಯಿಡೀ ಎಚ್ಚರವಿದ್ದ ಕಣ್ಣು. "ಎಷ್ಟು ಬಂದದ?"

"ಎಷ್ಟು ಅಂತ ಏನು ಕೇಳ್ತಿ? ಮಾರುದ್ದ ಇಳದಿದ್ದಿಲ್ಲ, ನಾಕೂ ಕಡಿಂದ ಒರತಿ ಹಾಯ್ತು. ಕೆರಿ ದಂಡಿಗೆ ತೋಡು ಅಂದಿ, ತೋಡಿದ್ವಿ. ಆಕಿನ್ನ ಅದರಾಗ ಕೂಡಿಸಿದ್ರ ಕುಣಿ ಅನ್ನಂಗಿಲ್ಲ, ಹೊಂಡ ಅನಬೇಕು."

"ಮ್ಯಾಲ ಸರದು ತೋಡ್ರಿ ಹಂಗಾದ್ರ," ಎಂದರು ಗುರುಶಾಂತಯ್ಯ. ಮಠದ ಅಯ್ಯನವರು, ಹೊಸ್ತಿಲ ಹತ್ತಿರ ಕಂಬಳಿಯ ಮೇಲೆ ಕುಳಿತಿದ್ದರು.

"ಮ್ಯಾಲ ಹೋದಂಗ ಕೆರ್ಯಾಗ ಕುಂತ ಅಪ್ಪನಿಂದ ದೂರ ಆಗ್ತದ್ರಿ ಅಯ್ಯನವರ." ಸಿದ್ದಲಿಂಗನ ದನಿ ಒಡೆಯಿತು. "ಅವ್ವ ಜೀವಮಾನದಾಗ ನನಗ ಒಂದು ಸೀರಿ ಕೇಳಿದಾಕಿ ಅಲ್ಲ. ಕೇಳಿದ್ದು ಇದೊಂದೇ. ನಿಮ್ಮಪ್ಪನ ಬಾಜೂಕ ನನ್ನ ಗೂಡು ಖಾಲಿ ಅದ, ಅದರಾಗ ಕೂಡಸು ಅಂದ್ಳು."

"ಖಾಲಿ ಎಲ್ಲದ? ನೀರು ತುಂಬ್ಯದ," ಎಂದ ಬೀರಲಿಂಗಪ್ಪ, ಮೆಲ್ಲಗೆ.

"ಅಫಜಲಪುರದಿಂದ ಥಂಡಿ ಪೆಟ್ಟಿಗಿ ತರಸೂನೇನು?" ಯಾರೋ ನೆಂಟರು ಕೇಳಿದರು. "ವಾರ ಇಡಬಹುದಂತ."

"ಕುಂತಾಕಿನ್ನ ಮಲಗಿಸಿ ಪೆಟ್ಟಿಗ್ಯಾಗ ಹಾಕ್ತೀಯೇನೋ?" ಅಯ್ಯನವರು ಗದರಿದರು. "ಐಸ್ ಕ್ಯಾಂಡಿ ಮಾಡಿದ್ಯಲ್ಲೋ ಶರಣಿನ್ನ!"

ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೊನೆಗೆ ಹಣಮವ್ವ ಆಡಿದಳು: "ಗೇಟ್ ತೆಗದ್ರ ನೀರು ಇಳೀತದಲ್ಲ?"

ಪಡಸಾಲೆಯ ಕಣ್ಣುಗಳೆಲ್ಲ ಕುಲಸುಮಬಿಯ ಕಡೆ ತಿರುಗಿದವು. ಡ್ಯಾಮಿನ ಹೊಸ ಗೇಟಿನ ಕೀಲಿ ಅವಳ ಮಗ ಮೆಹಬೂಬನ ಕಿಸೆಯಲ್ಲಿತ್ತು.

ಅರಿವೆಯ ಗಂಟು ಬಿಗಿದು ಎಷ್ಟೋ ಹೊತ್ತಾಗಿತ್ತು. ಕುಲಸುಮಬಿಯ ಕೈ ಮಾತ್ರ ಇನ್ನೂ ಆ ಗಲ್ಲವನ್ನು ಬಿಟ್ಟಿರಲಿಲ್ಲ.

*

ಸುಭದ್ರಾಬಾಯಿಯ ಗಂಡ ದೌಲತರಾಯ ನೀರೊಳಗೆ ಹೋಗಿ ಕುಳಿತದ್ದು ಊರಿನವರೆಲ್ಲ ಸೇರಿ ಮಾಡಿದ ತಪ್ಪು. ಅವನೊಬ್ಬನನ್ನೇ ದೂರಿ ಫಲವಿಲ್ಲ.

ಭೀಮೆಗೆ ಹೋಗಿ ಕೂಡುವ ಸಣ್ಣಹೊಳೆಗೆ ಡ್ಯಾಮು ಕಟ್ಟಿದಾಗ ಅವನ ಎರೆಹೊಲ ಕೆರೆಯ ಹೊಟ್ಟೆಗೆ ಹೋಯಿತು. ಕಾಗದದ ಮೇಲೆ ಹೋಯಿತು, ಅಷ್ಟೆ. ಅವನ ಬಾಯಿಂದ 'ನನ್ನ ಹೊಲ' ಎನ್ನುವ ಮಾತು ಹೋಗಲಿಲ್ಲ. ಮುಂದೆ ಒಂದು ಕೆಟ್ಟ ಕಾಲ ಬಂತು. ಮಳೆ ಮುಖ ತಿರುಗಿಸಿ ನಿಂತು, ಕೆರೆಯ ತಳ ಬಿರಿದು, ಬೀರಲಿಂಗಪ್ಪನ ಅಪ್ಪನ ಕುರಿಗಳು ಮೊಸಳೆ ಇದ್ದ ಮಡುವಿನಲ್ಲೇ ಮಲಗತೊಡಗಿದವು. "ಕೆರಿ ಸತ್ತದ, ಹೊಲ ಹೊಳ್ಳಿ ಬಂದಾವ," ಎಂದರು ಜನ. ಒಬ್ಬೊಬ್ಬರೂ ಹಳೆಯ ಬದುವಿನ ಕಲ್ಲು ಹುಡುಕಿಕೊಂಡು ತಮ್ಮ ತಮ್ಮ ತುಂಡಿನಲ್ಲಿ ಹೋಗಿ ನಿಂತರು. ಆ ಬೇಸಿಗೆಯಲ್ಲೇ ದೌಲತರಾಯ ಜ್ವರ ಬಂದು ಹೋದ. ತನ್ನ ಹೊಲದಲ್ಲೇ ತನ್ನನ್ನು ಕೂಡಿಸಬೇಕೆಂದು ಹೇಳಿ ಹೋದ. ಬೇಡ ಎನ್ನುವ ಬುದ್ಧಿ ಊರಲ್ಲಿ ಒಬ್ಬರಿಗೂ ಬರಲಿಲ್ಲ. ಸತ್ತ ಕೆರೆಗೆ ಯಾರು ಹೆದರುತ್ತಾರೆ?

ಸುಭದ್ರಾಬಾಯಿ ಆಗ ಇನ್ನೂ ಹರೆಯದವಳು, ಸಿದ್ದಲಿಂಗ ತೊಡೆಯ ಮೇಲಿದ್ದ. ಕಣ್ಣೀರು ಒರೆಸಿಕೊಂಡು ಗೌಂಡಿಗೆ ಹೇಳಿದಳಂತೆ: "ಒಂದಲ್ಲ, ಎರಡು ಗೂಡು ಕಟ್ಟಪ್ಪಾ. ಹೆಂಗೂ ನಾನೂ ಬರಾಕೇನೇ." ಶಹಾಬಾದ ಪರಸಿಗಲ್ಲು ತರಿಸಿ ಜೋಡು ಗೂಡು ಕಟ್ಟಿದರು. ಒಂದರಲ್ಲಿ ಅವನು ಕುಳಿತ, ಇನ್ನೊಂದಕ್ಕೆ ಪರಸಿ ಮುಚ್ಚಿಟ್ಟರು. ಮೇಲೆ ಕಟ್ಟೆ ಕಟ್ಟಿ ಎದೆಯೆತ್ತರದ ಕಲ್ಲು ನೆಟ್ಟರು.

ಮುಂದಿನ ಮುಂಗಾರಿಗೆ ಸತ್ತ ಕೆರೆ ಎದ್ದು ಬಂತು. ಕಟ್ಟೆ ಮುಳುಗಿತು, ಕಲ್ಲಿನ ನಡು ಮುಳುಗಿತು, ನೆತ್ತಿಯೂ ಮುಳುಗಿತು. ಊರಿಗೆ ಊರೇ ದಂಡೆಯ ಮೇಲೆ ಬಾಯಿಗೆ ಬೆರಳಿಟ್ಟು ನಿಂತಿತ್ತು. ಸುಭದ್ರಾಬಾಯಿ ಬಹಳ ಹೊತ್ತು ನೋಡಿ, "ಈಜು ಬರ್ತಿದ್ದಿಲ್ಲ ಅಂವಗ," ಎಂದು ಹೇಳಿ ಮನೆಗೆ ಹೋದಳು.

ಆದರೆ ಹಳೆಯ ಗೇಟುಗಳು ಹೇಳಿ ಕೇಳಿ ತುಕ್ಕು ಹಿಡಿದವು. ಹಲಗೆಯ ಸಂದಿಗೆ ತಾಡಪತ್ರಿ, ಹುಲ್ಲು ಎಷ್ಟು ತುರುಕಿದರೂ ಚಳಿಗಾಲದುದ್ದಕ್ಕೂ ಸೋರುತ್ತಿದ್ದವು. ಎಳ್ಳಮವಾಸ್ಯೆ ಬರುವ ಹೊತ್ತಿಗೆ ದೌಲತರಾಯ ತಾನಾಗಿಯೇ ಮೇಲೆ ಬರುತ್ತಿದ್ದ. ಸುಭದ್ರಾಬಾಯಿ ಕಲ್ಲಿನ ಪಾಚಿ ಕೆರೆದು ತೊಳೆದು, ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಕಡಬು ಎಡೆಯಿಟ್ಟು, ಹೊಲದ ಸುತ್ತ ಚರಗ ಚೆಲ್ಲುತ್ತಿದ್ದಳು. ಆಮೇಲೆ ಅವಳೂ ಕುಲಸುಮಬಿಯೂ ನೀರು ಬಿಟ್ಟುಕೊಟ್ಟ ಹಸಿ ನೆಲದಲ್ಲಿ ಕೋಲಿನಿಂದ ತೂತು ಹಾಕುತ್ತ ಕಡಲೆ ಊರುತ್ತಿದ್ದರು. ಅದಕ್ಕೆ ನೇಗಿಲೂ ಬೇಡ, ಮಳೆಯೂ ಬೇಡ. ಕೆರೆ ಇಳಿದಷ್ಟು ಹೊಲ, ಏರಿದಷ್ಟು ನೀರು.

ಬರಬರುತ್ತ ಊರಿನ ಅಳತೆಯೇ ಆ ಕಲ್ಲಾಯಿತು. ಸರ್ಕಾರದವರು ಗೋಡೆಗೆ ಬರೆಸಿದ ಅಂಕಿ ಯಾರಿಗೆ ಬೇಕು? "ದೌಲತರಾಯನ ಪಾದಕ್ಕ ಬಂತು" ಎಂದರೆ ಮೋಟರು ಮೇಲಕ್ಕೆ ಎಳೆಯಬೇಕು. "ನಡುಮಟ ಬಂತು" ಎಂದರೆ ಆ ಕಡೆಯ ದಾರಿ ಬಂದಾಯಿತು. ಚಹಾದಂಗಡಿಯಿಂದ ಯಾರಾದರೂ, "ಏ ಸುಭದ್ರವ್ವಾ, ನಿನ ಗಂಡ ಕೊಳ್ಳಮಟ ಮುಳಗ್ಯಾನ ಬೇ!" ಎಂದು ಕೂಗಿದರೆ, "ಮುಳಗಲಿ ಬಿಡೋ, ಇದ್ದಾಗ ಜಳಕಾ ಅಂದ್ರ ಓಡಿ ಹೋಗ್ತಿದ್ದ," ಎಂದು ಅವಳೂ ತಿರುಗಿ ಕೂಗುತ್ತಿದ್ದಳು.

*

ಸಿದ್ದಲಿಂಗನ ಗಾಡಿಯ ಹಿಂದೆ ಕುಳಿತು ಕುಲಸುಮಬಿ ಡ್ಯಾಮಿನ ಏರಿಯ ಮೇಲೆ ಹೊರಟಳು. ಎಡಕ್ಕೆ ಕೆರೆ ಕಣ್ಣು ಹಾಯುವಷ್ಟು ದೂರ ತುಂಬಿ ನಿಂತಿತ್ತು. ಹೊಸ ಗೇಟು ಹಾಕಿದ ಮೇಲೆ ಇದು ಮೊದಲ ಮಳೆಗಾಲ. ಗಾಳಿಗೆ ಅದು ಬರೀ ಮಿಣುಗುತ್ತಿತ್ತು. ದೌಲತರಾಯ ಎಲ್ಲಿದ್ದಾನೆಂದು ಗುರುತು ಹಿಡಿಯುವುದು ಅವಳಿಗೂ ಆಗಲಿಲ್ಲ.

"ಚಿಗವ್ವಾ," ಸಿದ್ದಲಿಂಗ ಮುಂದೆ ನೋಡುತ್ತಲೇ ಮಾತಾಡಿದ. "ಮೊನ್ನೆ ಅವ್ವ ನಿಮ್ಮ ಕೈ ಹಿಡಕೊಂಡು ಏನೋ ಅಂದ್ಳು. ನಾ ಬಾಗಲಾಗ ಇದ್ದೆ."

ಕುಲಸುಮಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಮೊನ್ನೆ ಸುಭದ್ರಾಬಾಯಿ ಅಂದದ್ದು ಇಷ್ಟೆ: "ಕುಲಸುಮಾ, ನಿನ ಮಗನ ಕೈಯಾಗ ಕೀಲಿ ಅದ. ನನ್ನ ಅಲ್ಲಿ ಮುಟ್ಟಸ್ತೀಯಿಲ್ಲೋ?" ಕುಲಸುಮಬಿ ಹಳೇ ರೂಢಿಯಲ್ಲಿ, "ಎಳ್ಳಮವಾಸಿತನ ಗಟ್ಟಿಯಾಗಿರಕ್ಕಾ, ನೀರು ತಾನೇ ಇಳೀತದ," ಎಂದಿದ್ದಳು. ಸುಭದ್ರಾಬಾಯಿಯ ತುಟಿ ಓರೆಯಾಗಿ ನಗು ಬಂತು. "ಹುಚ್ಚಿ, ಈಗ ಎಲ್ಲಿ ಇಳೀತದ ಬೇ?" ಆಗ ಇವಳ ಬಾಯಿಂದ ಬಂದದ್ದು ಒಂದೇ: "ಹೂಂ ಅಕ್ಕಾ. ಮುಟ್ಟಸ್ತೇನಿ."

ಹೂಂ ಎನ್ನುವಾಗ ಡ್ಯಾಮಿನ ಕೆಳಗಿನ ಹೊಳೆಯ ನೆನಪೇ ಆಗಿರಲಿಲ್ಲ ಅವಳಿಗೆ.

*

ಹಳೆಯ ಗೇಟಿನ ಗುಣವೇ ಹಾಗಿತ್ತು. ಹಿಡಿಯಬೇಕಾದಾಗ ಸೋರುವುದು, ಬಿಡಬೇಕಾದಾಗ ಕಚ್ಚಿಕೊಳ್ಳುವುದು. ಕುಲಸುಮಬಿಯ ಗಂಡ ದಸ್ತಗೀರ ತೀರಿಹೋದ ವರ್ಷ, ಮಳೆಗೆ ಕೆರೆ ಉಕ್ಕುತ್ತಿದ್ದರೂ ಗೇಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗೇಟಿನ ಆಳುಗಳು ಸರಪಳಿ ಹಾಕಿ ಎಳೆದರು, ಹಾರೆಯಿಂದ ಮೀಟಿದರು, ಕೈಸೋತು ಕೂತರು. ಅಷ್ಟೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಗೇಟು ಬಿಡದ್ದರಿಂದ ಕೆಳಗಿನ ಹೊಳೆಯಲ್ಲಿ ಮೊಣಕಾಲು ನೀರೂ ಇರಲಿಲ್ಲ. ಆಮೇಲೆ ಯಾರೂ ಮುಟ್ಟದೆಯೇ ಅದು ಕಿತ್ತುಕೊಂಡು ಹೋಯಿತು. ದಸ್ತಗೀರ ಹೊಳೆಗಿಳಿದು, ತಿರುವಿನ ಆಚೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದ.

ಅವನು ಸಿಕ್ಕುವವರೆಗೆ ಸುಭದ್ರಾಬಾಯಿ ಕುಲಸುಮಬಿಯ ಜೊತೆ ಹೊಳೆಯ ದಂಡೆಗುಂಟ ಜಾಲಿಯ ಮುಳ್ಳಲ್ಲಿ ನಡೆದಳು. ತನ್ನ ಮನೆಯ ಒಲೆ ಹಚ್ಚಲಿಲ್ಲ. ಕೊನೆಗೆ ಮೊದಲು ಕಂಡದ್ದು ಅವಳ ಕಣ್ಣಿಗೇ. ಕಂಡ ಕೂಡಲೇ ಕುಲಸುಮಬಿಯ ಮುಖವನ್ನು ತಿರುಗಿಸಿ ತನ್ನ ಎದೆಗೆ ಒತ್ತಿ ಹಿಡಿದಳು. "ನೋಡಬ್ಯಾಡ. ನಾ ನೋಡೀನಿ, ಸಾಕು."

ಅಂದಿನಿಂದ ಕುಲಸುಮಬಿ ಕೆರೆಯ ನೀರಿಗೆ ಕಾಲಿಡಲಿಲ್ಲ. ಕಡಲೆಯ ಹೊಲದಲ್ಲಿ ಕೈ ತೊಳೆಯುವುದಕ್ಕೂ ಸುಭದ್ರಾಬಾಯಿಯೇ ತಂಬಿಗೆ ತುಂಬಿ ತಂದು ಹಾಕುತ್ತಿದ್ದಳು. "ಮಹಾರಾಣಿ ಬಂದಾಳಪ್ಪ," ಎಂದು ಅಣಕಿಸುತ್ತಲೇ ಹಾಕುತ್ತಿದ್ದಳು.

ಡ್ಯಾಮು ರಿಪೇರಿಯ ಸಭೆ ಕರೆದದ್ದು ಸಾಲೆಯ ಮುಂದಿನ ಬೇವಿನ ಕೆಳಗೆ. ಇಂಜಿನಿಯರ್ ಸಾಹೇಬರು ಒಳ್ಳೆಯ ಮನುಷ್ಯ, ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಕುಳಿತು ಹೇಳಿದರು: ಹಳೇ ಗೇಟು ತೆಗೆದು ಉಕ್ಕಿನವು ಹಾಕುತ್ತೇವೆ, ಮೋಟರಿನಿಂದ ಏಳುತ್ತವೆ, ಇಳಿಯುತ್ತವೆ. ಬಿಡುವ ಮುಂಚೆ ಸೈರನ್ ಕೂಗುತ್ತದೆ. ಮಳೆಗಾಲದಲ್ಲಿ ಉಕ್ಕುವುದಿಲ್ಲ, ಬೇಸಿಗೆಯಲ್ಲಿ ಬತ್ತುವುದಿಲ್ಲ, ವರ್ಷವಿಡೀ ಕೆರೆ ಒಂದೇ ಮಟ್ಟದಲ್ಲಿ ಇರುತ್ತದೆ.

ಹೆಂಗಸರ ಸಾಲಿನಿಂದ ಸುಭದ್ರಾಬಾಯಿ ಎದ್ದು ನಿಂತಳು. "ಸಾಹೇಬ್ರ, ಅಲ್ಲಿ ಒಂದು ಕಲ್ಲದ ನಮ್ದು."

ಸಾಹೇಬರಿಗೆ ಯಾರೋ ಕಿವಿಯಲ್ಲಿ ಹೇಳಿದರು. ಅವರು ತಲೆ ತಗ್ಗಿಸಿದರು. "ಅದು ಕಾಣಂಗಿಲ್ಲ ಅವ್ವ, ಇನ್ನ ಮುಂದ."

ಕಡಲೆಯ ತುಂಡುಗಳೂ ಹೋಗುತ್ತವೆಂದು ಯಾರೂ ಕೇಳುವ ಮೊದಲೇ ಎಲ್ಲರಿಗೂ ತಿಳಿಯಿತು. ಒಪ್ಪಿದವರು ಕೈ ಎತ್ತಿ ಎಂದಾಗ ಒಬ್ಬರು ಇನ್ನೊಬ್ಬರ ಕೈ ನೋಡಿದರು. ಕುಲಸುಮಬಿಯ ಕೈ ತೊಡೆಯ ಮೇಲೇ ಇತ್ತು. ಎತ್ತುವುದಕ್ಕೆ ಆಕೆಗೆ ಎಷ್ಟು ಆಸೆಯಿತ್ತೋ ಅಷ್ಟೇ ನಾಚಿಕೆಯಾಗಿತ್ತು. ಪಕ್ಕದಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಮೊದಲು ಎದ್ದ ಕೈ ಸುಭದ್ರಾಬಾಯಿಯದು.

ಮನೆಗೆ ಬರುವಾಗ ಕುಲಸುಮಬಿ ಕೇಳಿದಳು: "ಯಾಕ ಎತ್ತಿದೆಕ್ಕಾ?"

"ನಿನ ಗಂಡಗ ನೀರು ಹೇಳ್ದೆ ಬಂತು," ಎಂದಳು ಸುಭದ್ರಾಬಾಯಿ. "ನನ್ನಾಂವಗ ನೀರಾಗ ಕುಂತು ರೂಢಿ ಆಗ್ಯದ ಬಿಡು."

*

ಮೆಹಬೂಬ ಗೇಟಿನ ಮೇಲಿನ ಕೋಣೆಯ ಹೊರಗೇ ನಿಂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಸುಭದ್ರಾಬಾಯಿಯನ್ನು ದೊಡ್ಡವ್ವ ಎಂದು ಕರೆದು, ಆ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಕಡಬು ತಿಂದು ಬೆಳೆದವನು. ಕಣ್ಣು ಕೆಂಪಾಗಿದ್ದವು, ಕೀಲಿ ಕೈಯಲ್ಲಿತ್ತು.

"ಸಾಹೇಬ್ರಿಗೆ ಕೇಳಿದ್ಯೇನೋ?" ಎಂದ ಸಿದ್ದಲಿಂಗ.

"ಕೇಳಿದ್ರ ಬ್ಯಾಡ ಅಂತಾರಣ್ಣಾ. ಅದಕ್ಕ ಕೇಳಿಲ್ಲ." ಮೆಹಬೂಬ ತಾಯಿಯ ಕಡೆ ತಿರುಗಿದ. "ನೀ ಹೇಳಮ್ಮಾ. ನೀ ಹೇಳಿದ್ರ ತೆಗಿತೇನಿ. ನೌಕರಿ ಹೋದ್ರ ಹೋಗ್ಲಿ."

"ತೆಗದ್ರ ಏನಾಗ್ತದ?"

"ಎಲ್ಲಾ ಗೇಟು ಪೂರಾ ಎತ್ತಿದ್ರ ಸಂಜಿಗಿ ಕಲ್ಲು, ಕಟ್ಟಿ ಎರಡೂ ಬಯಲಿಗೆ ಬರ್ತಾವ. ಪರಸಿ ತೆಗದು, ಗೂಡಿನ ನೀರು ಬುಟ್ಟೀಲೆ ಗೋರಿ ಕೂಡಸಬಹುದು."

"ಸಾವಕಾಶ ಎತ್ತಿದ್ರ?"

"ವಾರದ ಮ್ಯಾಲ ಹೋಗ್ತದ."

"ಅಷ್ಟೊತ್ತು ಆಕಿ ಕೂಡಾಂಗಿಲ್ಲ," ಎಂದ ಸಿದ್ದಲಿಂಗ.

ಕುಲಸುಮಬಿ ಕಟಾಂಜನ ಹಿಡಿದು ಕೆಳಗೆ ನೋಡಿದಳು. ದಸರೆ ಹತ್ತಿರ ಬಂದಿತ್ತು. ಊರ ಎಷ್ಟೋ ಹೆಂಗಸರು ಮನೆಯ ಕೌದಿಗಳನ್ನು ಹೊತ್ತುಕೊಂಡು ಹೊಳೆಗೆ ಇಳಿದಿದ್ದರು. ಬಂಡೆಯ ಮೇಲೆ ಕೌದಿ ಬಡಿಯುವ ಸದ್ದು ಒಂದು ತಾಳದ ಹಾಗೆ ಮೇಲೆ ಬರುತ್ತಿತ್ತು. ತೊಳೆದದ್ದನ್ನು ಬಂಡೆಗಳ ಮೇಲೆ ಹರವಿದ್ದರು. ಕೆಂಪು, ಹಸಿರು, ಹಳದಿ ತುಂಡುಗಳು. ಒಬ್ಬಳು ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದಳು.

"ಸೈರನ್ ಹೊಡಿ," ಎಂದ ಸಿದ್ದಲಿಂಗ. "ಇವರು ಎದ್ದು ಮ್ಯಾಲ ಬರ್ತಾರ. ನಾನೇ ಇಳದು ಹೋಗಿ ಎಬ್ಬಸ್ತೇನಿ."

"ಸೈರನ್ ಎಲ್ಲೀತನ ಕೇಳಸ್ತದೋ ಮೆಹಬೂಬ?" ಕುಲಸುಮಬಿ ಕೇಳಿದಳು.

"ತಿರುವಿನತನ ಕೇಳಸ್ತದ."

"ಆಚಿಗೆ?"

ಮೆಹಬೂಬ ಕೈಯಲ್ಲಿನ ಕೀಲಿಯನ್ನು ನೋಡುತ್ತ ನಿಂತ.

"ಆಚಿಗೆ ಫೋನ್ ಹಚ್ಚತೇನ್ರಿ," ಸಿದ್ದಲಿಂಗ ಅವಸರದಿಂದ ಹೇಳಿದ. "ಕೆಳಗಿನ ಊರಾಗ ನನ್ನ ದೋಸ್ತರದಾರ. ಡಂಗುರ ಹೊಡಸ್ತಾರ."

"ಎಮ್ಮಿಗೆ ಹುಲ್ಲು ಕೊಯ್ಯಾಕ ಇಳದಾಂವ ಫೋನ್ ಕಿಸೇದಾಗ ಇಟ್ಕೊಂಡು ಇಳದಿರ್ತಾನೇನಪ್ಪಾ? ಡಂಗುರದಾಂವ ಆ ಜಾಲಿ ಒಳಗ ಹೋಗಿ ಒಬ್ಬೊಬ್ಬರಿಗೇ ಹೇಳ್ತಾನ?"

ಸಿದ್ದಲಿಂಗನ ಮುಖ ಬಿಗಿಯಿತು. ಅವನು ಕೆಟ್ಟವನಲ್ಲ. ದಸ್ತಗೀರನ ಮಣ್ಣಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ಇವತ್ತು ಅವನ ತಾಯಿ ಗೂಟಕ್ಕೆ ತಲೆ ಕಟ್ಟಿಸಿಕೊಂಡು ಕುಳಿತಿದ್ದಳು.

"ನೀವು ಆಕಿಗೆ ಹೂಂ ಅಂದೀರಿ ಚಿಗವ್ವ. ಮುಟ್ಟಸ್ತೇನಿ ಅಂದೀರಿ. ನಾ ಕಿವಿಯಾರೆ ಕೇಳೀನಿ."

"ಅಂದೀನಿ."

"ಆ ಮಾತು ಕೇಳಿದ ಮ್ಯಾಲೇ ಆಕಿ ಸುಮ್ನ ನಿದ್ದಿ ಮಾಡಿದ್ದು."

"ಅಂದೀನೋ ಯಪ್ಪಾ, ಇಲ್ಲ ಅಂದೆನೇನು?" ಕುಲಸುಮಬಿಯ ದನಿ ಏರಿತು, ಏರಿ ಅಲ್ಲೇ ಮುರಿಯಿತು. ಕೆಳಗೆ ಕೌದಿ ಬಡಿಯುವ ತಾಳ ನಡೆದೇ ಇತ್ತು. ಅವಳು ಮಗನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಕೀಲಿಯ ಮೇಲೆ ಮಡಚಿದಳು. "ಕಿಸೇದಾಗ ಇಟ್ಕೋ."

"ಅಮ್ಮಾ..."

"ಇಟ್ಕೋ ಅಂದೆ."

ಸಿದ್ದಲಿಂಗ ಗಾಡಿಯ ಕಡೆ ನಡೆದ. ಹತ್ತುವ ಮೊದಲು ತಿರುಗಿ ನಿಂತು, "ಹಂಗಾದ್ರ ನೀವೇ ಹೋಗಿ ಆಕಿಗೆ ಹೇಳ್ರಿ. ನನ್ನ ಬಾಯಿಲೆ ಆಗಂಗಿಲ್ಲ," ಎಂದು ಹೇಳಿ ಅವಳನ್ನು ಅಲ್ಲೇ ಬಿಟ್ಟು ಹೋದ.

ಏರಿಯುದ್ದಕ್ಕೂ ಅವಳು ನಡೆದುಕೊಂಡು ಬಂದಳು. ಮೆಹಬೂಬ ಹಿಂದೆ ಹಿಂದೆ ಬಂದ.

ಪಡಸಾಲೆಯಲ್ಲಿ ಹೆಂಗಸರು ಸರಿದು ದಾರಿ ಬಿಟ್ಟರು. ಸಿದ್ದಲಿಂಗನ ಮುಖವೇ ಅಷ್ಟೂ ಹೇಳಿತ್ತು. ಕುಲಸುಮಬಿ ಸುಭದ್ರಾಬಾಯಿಯ ಎದುರು ಕುಳಿತಳು. ಜಾರಿದ ಸೆರಗು ಸರಿಮಾಡಿದಳು. ಮಡಿಲಲ್ಲಿ ಬಿದ್ದ ಪತ್ರಿಯ ಎಲೆಗಳನ್ನು ಆಯ್ದು ಒಂದು ಕಡೆಗಿಟ್ಟಳು. ಹೇಳುವುದಾಗಲಿಲ್ಲ. ಶೈಲಶ್ರೀ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. ಅದು ಹಾಗೇ ಉಳಿಯಿತು.

"ದಿಬ್ಬದ ಮ್ಯಾಲ ತೋಡ್ರಿ," ಎಂದಳು ಕೊನೆಗೆ, ಯಾರ ಮುಖವನ್ನೂ ನೋಡದೆ. "ನಾವಿಬ್ಬರೂ ರೊಟ್ಟಿ ತಿನ್ನಾಕ ಕೂಡ್ತಿದ್ವಲ್ಲ, ಆ ಜಾಲಿ ಬುಡಕ. ಅಲ್ಲಿಂದ ಕಾಣ್ತಿತ್ತು ಆಕಿಗೆ."

*

ದಿಬ್ಬದ್ದು ಗಟ್ಟಿ ಮೊರಂ ನೆಲ. ಬೀರಲಿಂಗಪ್ಪನ ಆಳುಗಳು ಹಾರೆ ಹಾಕಿ ಹಾಕಿ ಬೆವತರು. "ಇಲ್ಲಿ ನೀರಲ್ಲ, ಬೆವರೂ ಇಂಗಂಗಿಲ್ಲ," ಎಂದು ಒಬ್ಬ ಗೊಣಗಿದ. ಬಿಸಿಲು ಇಳಿಮುಖವಾದಾಗ ಹೆಗಲ ಮೇಲೆ ಹೊತ್ತ ವಿಮಾನ ಬಂತು. ಬಾಳೆಕಂದು, ಚೆಂಡುಹೂ ಕಟ್ಟಿದ ಕುರ್ಚಿಯಲ್ಲಿ ಸುಭದ್ರಾಬಾಯಿ ಅಲುಗಾಡುತ್ತ, ಊರನ್ನೆಲ್ಲ ನೋಡುತ್ತ ಬಂದಳು. ಕೌದಿ ತೊಳೆದ ಹೆಂಗಸರು ಒದ್ದೆ ಗಂಟುಗಳನ್ನು ತಲೆಯ ಮೇಲಿಂದ ಇಳಿಸಿ ದಾರಿಯ ಬದಿಗೆ ನಿಂತು ಕೈ ಮುಗಿದರು. ಗೇಟಿನ ಮೇಲೆ ನಡೆದದ್ದು ಅವರಿಗೆ ಏನೂ ಗೊತ್ತಿರಲಿಲ್ಲ.

"ಮುಖ ಯಾ ಕಡಿಗೆ?" ಕುಣಿಯೊಳಗೆ ಇಳಿದವರು ಕೇಳಿದರು.

ಗುರುಶಾಂತಯ್ಯನವರು ಕೆರೆಯನ್ನು ನೋಡಿದರು, ಸಿದ್ದಲಿಂಗನನ್ನು ನೋಡಿದರು. "ನೀರಿನ ಕಡಿಗೇ ಮಾಡ್ರಿ. ಶಿವಗ ಎಲ್ಲಾ ದಿಕ್ಕೂ ಒಂದೇ."

ಗೂಡಿನಲ್ಲಿ ಕೂಡಿಸಿದರು. ಅಯ್ಯನವರ ಪಾದ ತಲೆಗೆ ಮುಟ್ಟಿತು. ವಿಭೂತಿ, ಪತ್ರಿ, ಉಪ್ಪು ಆಯಿತು. ಸಿದ್ದಲಿಂಗ ಕುಣಿಯ ಅಂಚಿನಲ್ಲಿ ಕುಳಿತು ಮೊದಲ ಹಿಡಿ ಮಣ್ಣು ಹಾಕಿದ. ಕೆಂಪು ಒಣ ಮೊರಂ ಸದ್ದು ಮಾಡುತ್ತ ಬಿತ್ತು. ಒಬ್ಬೊಬ್ಬರಾಗಿ ಬಂದು ಹಾಕಿದರು.

"ನೀವು ಹಾಕ್ರಿ ಚಿ..." ಎಂದು ಶೈಲಶ್ರೀ ತಿರುಗಿದಳು. ಕುಲಸುಮಬಿ ಅಲ್ಲಿರಲಿಲ್ಲ.

ಅವಳು ದಿಬ್ಬ ಇಳಿದು ಹೋಗುತ್ತಿದ್ದಳು. ಮುಂಜಾನೆ ತೋಡಿ ಬಿಟ್ಟ ಕುಣಿಯನ್ನು ದಾಟಿದಳು. ಅದು ಈಗ ಅಂಚಿನವರೆಗೆ ತುಂಬಿತ್ತು. ನೀರಿನ ಅಂಚಿಗೆ ಬಂದು ಚಪ್ಪಲಿ ಬಿಟ್ಟಳು.

"ಅಮ್ಮಾ!" ಮೆಹಬೂಬ ಕೂಗಿದ.

ಪಾದ ಒದ್ದೆಯಾಯಿತು. ಕೆಸರು ಬೆರಳ ಸಂದಿಯಿಂದ ಮೇಲೆ ಬಂತು. ಎಷ್ಟೋ ವರ್ಷಗಳಿಂದ ಮುಟ್ಟದ ನೀರು, ಅಷ್ಟೇ ತಣ್ಣಗಿತ್ತು. ಮೊಣಕಾಲಿಗೆ ಬಂದಾಗ ನಿಂತಳು. ದಂಡೆಯಲ್ಲಿ ಬೀರಲಿಂಗಪ್ಪ, "ಮುಂದ ತಗ್ಗದಬೇ, ಹುಷಾರ್!" ಎಂದು ಒದರುತ್ತಿದ್ದ. ಅವಳಿಗೆ ಆ ನೆಲ ಗೊತ್ತಿತ್ತು. ಇದು ತನ್ನ ತುಂಡಿನ ಬದು. ಇದರ ಆಚೆ ಸುಭದ್ರಕ್ಕನದು. ಅಲ್ಲಿಂದ ಮುಂದೆ, ನೀರಿನ ನಟ್ಟನಡುವೆ, ಒಂದು ಬೆಳ್ಳಕ್ಕಿ ನಿಂತಿತ್ತು. ಹಾರುತ್ತಿರಲಿಲ್ಲ, ಈಜುತ್ತಿರಲಿಲ್ಲ. ಒಂಟಿ ಕಾಲಲ್ಲಿ, ನೀರಿನ ಮೇಲೆಯೇ ಎಂಬಂತೆ ನಿಂತಿತ್ತು. ಅದರ ಬೆರಳುಗಳಷ್ಟೇ ಮುಳುಗಿದ್ದವು. ಕೆಳಗೆ ದೌಲತರಾಯನ ಕಲ್ಲಿನ ನೆತ್ತಿ ಇರಬೇಕು.

ಕುಲಸುಮಬಿ ಅದನ್ನೇ ನೋಡುತ್ತ ನಡೆದಳು. ನೀರು ನಡುಮಟ್ಟಕ್ಕೆ ಬಂದಾಗ ಕಾಲು ಹೂತವು. ಇನ್ನು ಆಗಲಿಲ್ಲ. ಬಾಗಿದಳು. ಮುಖದ ಹತ್ತಿರ ನೀರು ಬಂತು, ಕಣ್ಣು ಮುಚ್ಚಿದಳು, ಎರಡೂ ಕೈಯಿಂದ ತಳದ ಮಣ್ಣನ್ನು ಬಾಚಿ ಉಡಿಗೆ ತುಂಬಿದಳು. ಮತ್ತೆ ಬಾಗಿದಳು.

ಅವಳು ದಿಬ್ಬ ಹತ್ತಿ ಬಂದಳು. ಉಡಿಯಿಂದ ಕರಿನೀರು ಸೋರುತ್ತಿತ್ತು. ಕುಣಿಯ ಅಂಚಿಗೆ ಬಂದು ನಿಂತಳು. ಕೂರುವುದಕ್ಕೆ ಮೊಣಕಾಲು ಬಗ್ಗಲಿಲ್ಲ. ಸಿದ್ದಲಿಂಗ ತಲೆಯೆತ್ತಿ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಹರವಿ ಅವಳ ಮುಂದೆ ಹಿಡಿದ. ಅವಳು ಉಡಿಯನ್ನು ಅದರಲ್ಲಿ ಸುರಿದಳು. ಅವನು ಕುಣಿಗೆ ಇಳಿದು, ಆ ಹಸಿ ಎರೆಮಣ್ಣನ್ನು ತಾಯಿಯ ಬಲಮಗ್ಗುಲಿಗೆ, ಕೂತವರ ಪಕ್ಕ ಇನ್ನೊಬ್ಬರು ಕೂರುವಷ್ಟು ಜಾಗದಲ್ಲಿ, ಕೈಯಿಂದ ಒತ್ತಿ ಒತ್ತಿ ಇಟ್ಟ. ಅದರೊಳಗಿಂದ ಒಂದು ಹಳೆಯ ಕಡಲೆಯ ಬೇರು ಹೊರಗೆ ಇಣುಕಿತ್ತು.

ಮೆಹಬೂಬನ ಫೋನು ರಿಂಗಾಯಿತು. ಅವನು ಪಕ್ಕಕ್ಕೆ ಸರಿದು ಎತ್ತಿದ. ಸಂಜೆಯ ಲೆಕ್ಕ ಕೇಳುವ ಹೊತ್ತು.

"ಹೌದ್ರಿ ಸಾಹೇಬ್ರ... ಇಲ್ರಿ, ಗೇಟ್ ಬಂದ್ ಅದಾವ್ರಿ."

ಆ ಕಡೆಯಿಂದ ಕೆರೆಯ ನೀರು ಎಷ್ಟಿದೆ ಎಂದು ಕೇಳಿದರು.

ಮೆಹಬೂಬ ತಿರುಗಿ ನೋಡಿದ. ಜಾಲಿಯ ಬುಡದಲ್ಲಿ ತಾಯಿ ಬೆನ್ನು ಮಾಡಿ ನಿಂತಿದ್ದಳು. ಅವಳ ಸೀರೆ ನಡುವಿನವರೆಗೆ ಒದ್ದೆಯಾಗಿ ಕಾಲಿಗೆ ಅಂಟಿತ್ತು, ಮೇಲೆ ಬೆನ್ನು ಒಣಗಿತ್ತು. ಎರಡರ ನಡುವೆ ಕರಿ ಕೆಸರಿನ ಒಂದು ಗೆರೆ, ಬಳಪದಿಂದ ಎಳೆದಷ್ಟು ನೆಟ್ಟಗೆ. ಗೆರೆಯ ಕೆಳಗಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.